ವರುಣಾ ಕೆರೆ ದಡದಲ್ಲಿ ಫಿನ್ ಸರಿಮಾಡಿಕೊಟ್ಟ ಅಣ್ಣನಿಗೆ

ಅಣ್ಣಾ, ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ. ನಮ್ಮ ಸ್ಲಾಲಮ್ ಸ್ಕೀ (ದೋಣಿ ಎಳೆಯುವಾಗ ನಿಂತು ನೀರಿನ ಮೇಲೆ ಜಾರುವ ಒಂಟಿ ಹಲಗೆ) ಈಗ ಹೇಳಿದ ಮಾತು ಕೇಳುತ್ತಿದೆ, ತುಂಬಾ ಥ್ಯಾಂಕ್ಸ್.

ನೀವು ಅಲೆನ್ ಕೀ ಮುಟ್ಟಿದ್ದು ಮೂರು ಅಳತೆ ಬರೆಸಿದ ಮೇಲೆಯೇ: ಫಿನ್ನಿನ (ಸ್ಕೀ ಬಾಲದ ಅಡಿಯಲ್ಲಿ ನೀರಿಗಿಳಿದಿರುವ ತೆಳು ತಗಡು) ಆಳ, ಉದ್ದ, ಸ್ಕೀ ಬಾಲದಿಂದ ಅದಕ್ಕಿರುವ ದೂರ. ಬಹಳ ಜನ ಇದನ್ನೇ ಬಿಡುತ್ತಾರೆ, ಆಮೇಲೆ ಹಳೇ ಸೆಟ್ಟಿಂಗ್‌ಗೆ ಮರಳಲು ದಾರಿಯೇ ಇರಲ್ಲ. ನೀವು ಒಂದು ಸಲಕ್ಕೆ ಬದಲಿಸಿದ್ದು ಒಂದೇ ಅಳತೆ, ಅದೂ ಕಾಲು ಮಿಲಿಮೀಟರ್ ಮಾತ್ರ. ತಿರುವಿನಲ್ಲಿ ಬಾಲ ಜಾರಿಹೋದರೆ ಆಳ ಸಾಲದು. ಬಾಲ ಅಂಟಿಕೊಂಡು ಸ್ಕೀ ತಿರುಗಲು ಒಲ್ಲೆನೆಂದರೆ ಆಳ ಜಾಸ್ತಿ. ಫಿನ್ ಮುಂದೆ ಸರಿಸಿದರೆ ಸ್ಕೀಯ ಮೂತಿ ನೀರು ಕಚ್ಚುತ್ತದೆ, ಅತಿಯಾದರೆ ಸವಾರನನ್ನೇ ಮುಗ್ಗರಿಸುತ್ತದೆ. ಫಿನ್ನಿಗೆ ಅಡ್ಡಲಾಗಿರುವ ಪುಟ್ಟ ರೆಕ್ಕೆಯ ಕೋನ ಹೆಚ್ಚಿಸಿದಷ್ಟೂ ಬ್ರೇಕು ಜೋರು. ನಮ್ಮದನ್ನು 8 ಡಿಗ್ರಿಗೇ ಬಿಟ್ಟಿರಿ.

ಸ್ಕ್ರೂ ಬಿಗಿಯುವಾಗ ಫಿನ್ ಕೂದಲೆಳೆಯಷ್ಟು ಸರಿಯುತ್ತದೆ, ಆದ್ದರಿಂದ ಒಂದು ಬಿಟ್ಟು ಒಂದು ಬಿಗಿದು ಮತ್ತೆ ಅಳೆದಿರಿ. ಉದ್ದವನ್ನು ಕ್ಯಾಲಿಪರ್‌ನ (ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಉಪಕರಣ) ದವಡೆಗಳ ಚೂಪು ತುದಿಯಿಂದ ಅಳೆದರೆ ಒಂದು ಸಂಖ್ಯೆ, ದವಡೆಯಿಂದಲೇ ಅಳೆದರೆ ಇನ್ನೊಂದು. ಯಾವುದರಲ್ಲಿ ಅಳೆದಿದ್ದು ಅಂತಲೂ ಬರೆಸಿದ್ದು ದೊಡ್ಡ ಉಪಕಾರ.

ನಿಮ್ಮ ಸಣ್ಣ ಅಲೆನ್ ಕೀ ನಮ್ಮ ಬ್ಯಾಗಲ್ಲೇ ಉಳಿದಿತ್ತು. ದಡದ ಟೀ ಅಂಗಡಿಯಲ್ಲಿ ಕೊಟ್ಟಿದ್ದೇವೆ, ಇಸ್ಕೊಳ್ಳಿ.