ಗೆಳೆಯನಿಗೊಂದು ಪತ್ರ: ಜಪಾನಿಗೆ ಹೊರಡುವ ಮುಂಚೆ ‘ಜೋಬು’

ಪ್ರೀತಿಯ ಮಂಜು,

ನಗೋಯಾದಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಬಹಳ ಖುಷಿಯಾಯ್ತು ಕಣೋ. ಹೊರಡೋ ಮುಂಚೆ ನನಗೆ ತುಂಬಾ ಇಷ್ಟವಾದ ಒಂದು ಜಪಾನಿ ಪದ ಕಲಿತುಕೋ: ಜೋಬು. ಹೆಚ್ಚುಕಮ್ಮಿ ನಮ್ಮ ‘ಗಟ್ಟಿಮುಟ್ಟು’. ವಸ್ತುವಿಗೂ ಸಲ್ಲುತ್ತೆ, ಮನುಷ್ಯರಿಗೂ ಸಲ್ಲುತ್ತೆ. ‘ಜೋಬು ನ ಕುತ್ಸು’ ಅಂದ್ರೆ ಬೇಗ ಕಿತ್ತುಹೋಗದ ಬೂಟು. ‘ಜೋಬು ನ ಕರದ’ ಅಂದ್ರೆ ಕಾಯಿಲೆ ಕಸಾಲೆಗೆ ಸುಲಭಕ್ಕೆ ಬಗ್ಗದ ಮೈ. ಹಲ್ಲು, ಮೂಳೆ, ಜಠರಕ್ಕೂ ಇದನ್ನೇ ಹೇಳ್ತಾರೆ.

ವ್ಯಾಕರಣಕ್ಕೆ ಹೆದರಬೇಡ, ಕನ್ನಡದ ಮೂಲಕವೇ ಕಲಿ. ನಾಮಪದದ ಮುಂದೆ ಬರುವ ಆ ‘ನ’ ನಮ್ಮ ‘ಗಟ್ಟಿಮುಟ್ಟಾದ’ದಲ್ಲಿರೋ ‘ಆದ’ದ ಕೆಲಸ ಮಾಡುತ್ತೆ. ಕ್ರಿಯಾಪದದ ಮುಂದೆ ‘ನಿ’ ಬಂದ್ರೆ ಅದು ನಮ್ಮ ‘ಆಗಿ’. ‘ಜೋಬು ನಿ ಸೊದತ್ಸು’: ಗಟ್ಟಿಮುಟ್ಟಾಗಿ ಬೆಳೆಯುತ್ತೆ. ಪದಗಳ ಸಾಲೂ ನಮ್ಮದೇ, ಕ್ರಿಯಾಪದ ಕೊನೆಗೆ.

ಅಲ್ಲಿ ದಿನಾ ಕಿವಿಗೆ ಬೀಳುವ ‘ದೈಜೋಬು’ ಇದರದ್ದೇ ಬಳಗ. ‘ಪರವಾಗಿಲ್ಲ, ಏನೂ ತೊಂದರೆಯಿಲ್ಲ’ ಅನ್ನೋಕೆ ಬಳಸ್ತಾರೆ. ಅದೇ ‘ಜೋಬು’ವಿನ ಅಕ್ಷರಗಳನ್ನ ಇವತ್ತಿನ ಚೀನೀಯರು ಓದಿದ್ರೆ ‘ಗಂಡ’ ಅನ್ನೋ ಅರ್ಥ ಬರುತ್ತೆ!

‘ಗಂಜೋ’ ಅಂತ ಇನ್ನೊಂದಿದೆ. ದಪ್ಪ ಬಾಗಿಲು, ಭಾರ ತಡೆಯೋ ಮೇಜು, ಕಟ್ಟುಮಸ್ತಾದ ಆಳು, ಇವೆಲ್ಲ ಗಂಜೋ. ಜೋಬು ಆಗೋಕೆ ಗಾತ್ರ ಬೇಕಿಲ್ಲ, ತಾಳಿಕೆ ಬಂದ್ರೆ ಸಾಕು. ಅದಕ್ಕೇ ವಾಶಿ ಅನ್ನೋ ಜಪಾನಿನ ತೆಳ್ಳಗಿನ ಸಾಂಪ್ರದಾಯಿಕ ಕಾಗದವನ್ನೂ ಜೋಬು ಅಂತಾರೆ. ಅದನ್ನ ಮಾಡೋ ಕೊಜೊ ಗಿಡದ ತೊಗಟೆಯ ನಾರು ಉದ್ದ. ಆ ನಾರನ್ನ ನೀರಲ್ಲಿ ತೇಲಿಸಿ, ಬಿದಿರಿನ ಜರಡಿಯಲ್ಲಿ ಎತ್ತಿ ಅಲುಗಾಡಿಸ್ತಾ ಹೋದಾಗ ನಾರುಗಳು ಒಂದಕ್ಕೊಂದು ಹೆಣೆದುಕೊಳ್ತವೆ. ಬೆಳಕು ಹಾಯುವಷ್ಟು ತೆಳುವಾಗಿದ್ರೂ ಸುಲಭಕ್ಕೆ ಹರಿಯಲ್ಲ. ಮ್ಯೂಸಿಯಂಗಳಲ್ಲಿ ಹಳೇ ಚಿತ್ರ, ಕಡತಗಳ ಬೆನ್ನಿಗೆ ಅಂಟಿಸಿ ಉಳಿಸೋದು ಇಂಥ ಕಾಗದದಿಂದಲೇ. ಈ ಕಾಗದ ಮಾಡೋ ಕಸುಬು 2014ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಆ ಪಟ್ಟಿಯಲ್ಲಿರೋ ಮೂರು ಬಗೆಯ ಕಾಗದಗಳಲ್ಲಿ ಒಂದು ಗಿಫು ಪ್ರಾಂತ್ಯದ ಮಿನೊ ಊರಿನದು. ನಗೋಯಾದಿಂದ ಅದು ದೂರವೇನಿಲ್ಲ, ರಜೆ ಸಿಕ್ಕಿದ ದಿನ ಹೋಗಿ ಬಾ. ಒಂದು ಹಾಳೆಯನ್ನ ಕೈಯಲ್ಲಿ ಹಿಡಿದು ನೋಡು. ಗಂಜೋಗೂ ಜೋಬುಗೂ ಇರೋ ಅಂತರ ನನ್ನ ಪತ್ರಕ್ಕಿಂತ ಚೆನ್ನಾಗಿ ಅದೇ ತಿಳಿಸುತ್ತೆ.

ಬೂಟು ಅಲ್ಲೇ ತಗೋ, ಚಳಿಗಾಲಕ್ಕೆ ಬೇಕಾಗುತ್ತೆ. ಅಂಗಡಿಯವರು ತೋರಿಸಿದ್ದು ಮನಸ್ಸಿಗೆ ಬರದಿದ್ರೆ ‘ಮೊತ್ತೊ ಜೋಬು ನ ನೊ ವ ಅರಿಮಸು ಕ?’ ಅಂತ ಕೇಳು. ಇದಕ್ಕಿಂತ ಗಟ್ಟಿಯಾದ್ದು ಇದೆಯಾ ಅಂತ. ಏನು ಕೊಟ್ರು ಅಂತ ಬರಿ.

ನಿನ್ನ,
ರಘು