ಕೂಗಳತೆಯಾಚೆ ಇರುವ ಗೆಳೆಯನಿಗೆ

ಪ್ರೀತಿಯ ಸೀನಾ,

ನೀನು ಇಂಗ್ಲೆಂಡಿನಿಂದ ಕಳಿಸಿದ ಫೋಟೋ ನೋಡಿದೆ. ವಿಂಚೆಸ್ಟರ್‌ನ ಗ್ರೇಟ್ ಹಾಲ್, ಗೋಡೆಗೆ ನೇತುಹಾಕಿದ ಭಾರೀ ದುಂಡು ಮೇಜು, ಅದರ ಕೆಳಗೆ ಜಾಕೆಟ್ ಹಾಕಿಕೊಂಡು ಪಂಕ್ತಿ ಊಟಕ್ಕೆ ಕಾದು ನಿಂತವನ ಹಾಗೆ ನೀನು. ‘ಆರ್ಥರ್ ರಾಜನ ಟೇಬಲ್ಲಂತೆ ಕಣೋ’ ಅಂತ ಬರೆದಿದ್ದೀಯ. ಅಂತೆ ಅಷ್ಟೇ, ಅವನು ಕತೆಗಳ ರಾಜ. ಆ ಮೇಜು ಮಾಡಿದ್ದು 13ನೇ ಶತಮಾನದ ಕೊನೆಯ ಹೊತ್ತಿಗೆ, ಬಣ್ಣ ಹೊಡೆಸಿದ್ದು ಎಂಟನೇ ಹೆನ್ರಿ. ಆರ್ಥರ್ ಅಲ್ಲಿ ಕೂತು ಉಂಡಿದ್ದು ನಿಜವಾದರೆ, ನಾವಿಬ್ಬರು ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಅಕೌಂಟೆನ್ಸಿ ಓದಿದ್ದೂ ನಿಜ.

ಆ ಊರಿನ ಹೆಸರು ನನಗೆ ಬೇರೆ ಕಾರಣಕ್ಕೆ ಗೊತ್ತು ಮಾರಾಯಾ. ನನ್ನ ಕೆಲಸ ನಿನಗೆ ಗೊತ್ತೇ ಇದೆ. ಇದನ್ನು ಓದುತ್ತಿರುವ ಉಳಿದವರಿಗೆ ಹೇಳುತ್ತೇನೆ: ಕೆಳಗಿನ ಕೋರ್ಟಿನಲ್ಲಿ ಕನ್ನಡದಲ್ಲಿ ಬರೆದುಕೊಂಡ ಸಾಕ್ಷಿ ಹೇಳಿಕೆಗಳನ್ನು, ಕೇಸು ಅಪೀಲಿಗೆ ಹೋಗುವಾಗ ಇಂಗ್ಲಿಷಿಗೆ ಮಾಡಿಕೊಡುವವನು ನಾನು. ಪುಟಕ್ಕಿಷ್ಟು ಅಂತ ಲೆಕ್ಕ. ಈ ಹೇಳಿಕೆಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ. ‘ನಾನು ಕೂಗಿಕೊಂಡಾಗ ಅಕ್ಕಪಕ್ಕದವರು ಬಂದು ಜಗಳ ಬಿಡಿಸಿದರು.’ ಅದಕ್ಕೆ ನನ್ನ ಬೆರಳು ತಾನಾಗಿಯೇ ‘ಹ್ಯೂ ಅಂಡ್ ಕ್ರೈ’ ಎಂದು ಟೈಪ್ ಮಾಡುತ್ತದೆ. ಪೊಲೀಸರ ಇಂಗ್ಲಿಷಿನಲ್ಲೂ ಅದೇ, ವಕೀಲರ ಇಂಗ್ಲಿಷಿನಲ್ಲೂ ಅದೇ. ಈಚೆಗೆ ಒಂದು ರಾತ್ರಿ ನಿದ್ದೆ ಬಾರದೆ ಅದರ ಹಿಂದೆ ಬಿದ್ದೆ. ನಿದ್ದೆ ಯಾಕೆ ಬರಲಿಲ್ಲ ಅನ್ನುವುದು ಬಿಡು.

ಬಣ್ಣ ಅನ್ನುವ ಹ್ಯೂಗೂ ಇದಕ್ಕೂ ಸಂಬಂಧ ಇಲ್ಲ. ಅದು ಅಪ್ಪಟ ಹಳೆ ಇಂಗ್ಲಿಷು. ಇದು 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದಾಗ ಅವರ ಫ್ರೆಂಚಿನ ಜೊತೆ ಬಂದದ್ದು. ಹುಯೆ ಅಂದರೆ ಬೊಬ್ಬೆ ಹಾಕು. ಕೋರ್ಟಿನ ಫ್ರೆಂಚಿನಲ್ಲಿ ‘ಹು ಎ ಕ್ರಿ’ ಅನ್ನುತ್ತಿದ್ದರು. ಜನರ ಬಾಯಲ್ಲಿ ಸವೆದು ಹ್ಯೂ ಅಂಡ್ ಕ್ರೈ ಆಯಿತು. ನಮ್ಮಲ್ಲಿ ಹುಯಿಲು ಇದೆಯಲ್ಲ, ಹುಯಿಲೆಬ್ಬಿಸು ಅನ್ನುತ್ತೇವಲ್ಲ, ಅದು ಹಳಗನ್ನಡದ ಪುಯ್ಯಲ್. ಊರಿನ ದನ ಹೊಡೆದುಕೊಂಡು ಹೋದರು ಅಂತ ಹುಯಿಲೆದ್ದಾಗ ಬೆನ್ನಟ್ಟಿ ಹೋಗಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ನಮ್ಮ ಕಡೆ ಹೊಲಗದ್ದೆಗಳಲ್ಲಿ ಇನ್ನೂ ನಿಂತಿವೆ. ಕಿವಿಗೆ ಒಂದೇ ಥರ ಕೇಳಿಸುತ್ತವೆ, ನಂಟು ಮಾತ್ರ ಇಲ್ಲ. ದಯವಿಟ್ಟು ನಿನ್ನ ದೊಡ್ಡಪ್ಪನಿಗೆ ಇದನ್ನು ಹೇಳಬೇಡ. ‘ಕೇಂಬ್ರಿಡ್ಜ್’ ಹೆಸರೂ ಕನ್ನಡದ್ದೇ ಅಂತ ಅವರು ಎಬ್ಬಿಸಿದ ಗಲಾಟೆಯಿಂದಲೇ ನಾವು ಇನ್ನೂ ಸುಧಾರಿಸಿಕೊಂಡಿಲ್ಲ.

ನಿನ್ನ ವಿಂಚೆಸ್ಟರ್‌ಗೆ ಬರುತ್ತೇನೆ. 1285ರಲ್ಲಿ ಇಂಗ್ಲೆಂಡಿನ ರಾಜ ಮೊದಲನೇ ಎಡ್ವರ್ಡ್ ಅಲ್ಲಿ ಒಂದು ಕಾಯ್ದೆ ಹೊರಡಿಸಿದ. ಆಗ ಪೊಲೀಸರು ಅನ್ನುವವರು ಇರಲಿಲ್ಲ. ಕೂಗೇ ಪೊಲೀಸು. ಕಳ್ಳತನ, ಕೊಲೆ ಕಂಡವನು ಕೂಗಬೇಕು, ಕೇಳಿಸಿಕೊಂಡವರು ಕೈಲಿದ್ದ ಕೆಲಸ ಬಿಟ್ಟು ಓಡಿ ಬರಬೇಕು. ಇದು ಅದಕ್ಕೂ ಹಳೆಯ ಪದ್ಧತಿ, ಎಡ್ವರ್ಡ್ ಬಿಗಿ ಮಾಡಿದ ಅಷ್ಟೇ. 15ರಿಂದ 60 ವರ್ಷದ ಗಂಡಸರೆಲ್ಲ ಅವರವರ ಆಸ್ತಿಗೆ ತಕ್ಕ ಹತಾರ ಮನೆಯಲ್ಲಿಟ್ಟಿರಬೇಕು, ಬಡವನಾದರೆ ಬಿಲ್ಲು ಬಾಣ, ಚೂರಿ. ಸಂತೆ ಊರುಗಳ ನಡುವಿನ ದಾರಿಯ ಎರಡೂ ಬದಿಗೆ 200 ಅಡಿ ಪೊದೆ ಕಡಿದಿರಬೇಕು, ಕಳ್ಳ ಅಡಗಬಾರದು. ಕಳ್ಳ ಸಿಗದಿದ್ದರೆ ಇಡೀ ‘ಹಂಡ್ರೆಡ್’ ನಷ್ಟ ತುಂಬಿಕೊಡಬೇಕು. ಹಂಡ್ರೆಡ್ ಅಂದರೆ ನಮ್ಮ ಹೋಬಳಿ ಅಂದುಕೋ. ಒಂದು ಊರಿನ ಗಡಿ ಮುಗಿದರೆ ಕೊಂಬು ಊದುತ್ತಾ ಮುಂದಿನ ಊರಿಗೆ ಕೂಗನ್ನು ದಾಟಿಸುವುದು. ‘ಔಟ್! ಔಟ್!’ ಅಂತ ಕೂಗುತ್ತಿದ್ದರೇನೋ ಎಂದು ಇತಿಹಾಸ ಬರೆದವರು ಊಹಿಸಿದ್ದಾರೆ. ನೀನು ಬೌಲಿಂಗ್ ಮಾಡುವಾಗ ಕೂಗುತ್ತಿದ್ದದ್ದು ನೆನಪಾಯಿತು. ಆಗಲೂ ಅಂಪೈರ್ ಬರುತ್ತಿರಲಿಲ್ಲ.

ನನಗೆ ತುಂಬ ಹಿಡಿಸಿದ್ದು ಅವರ ದಂಡದ ಲೆಕ್ಕ. ಹೆಣವನ್ನು ಮೊದಲು ಕಂಡವನು ಕೂಗದಿದ್ದರೆ ದಂಡ. ಕೂಗು ಕೇಳಿಯೂ ಮನೆಯಲ್ಲಿ ಕೂತರೆ ದಂಡ. ಕಾರಣ ಇಲ್ಲದೆ ಸುಮ್ನೆ ಕೂಗಿದರೂ ದಂಡ. ಹಳ್ಳಿ ಕೋರ್ಟುಗಳ ದಾಖಲೆಯಲ್ಲಿ ಇಂಥವು ಎಷ್ಟೋ ಇವೆ, ಕೂಗಿದವರಲ್ಲಿ ಹೆಂಗಸರೂ ಬೇಕಾದಷ್ಟು. ನೆರೆಯವನ ಕೂಗಿಗೆ ಹೋಗುವುದು ಒಳ್ಳೆಯತನ ಆಗಿರಲಿಲ್ಲ ಕಣೋ, ಕಂದಾಯ ಕಟ್ಟಿದ ಹಾಗೆ ಮಾಡಲೇಬೇಕಾದದ್ದು. ಅವನು ಇಷ್ಟವೋ ಅಲ್ಲವೋ, ಬೇಲಿ ಜಗಳ ಇತ್ತೋ ಇಲ್ಲವೋ, ಆಮೇಲಿನ ಮಾತು.

ಹಳೆಯದೆಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಕೂಗಿನ ಬೆನ್ನಟ್ಟುವಿಕೆಯಲ್ಲಿ ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವನಿಗೆ ಒಂದು ಮಾತು ಆಡಲೂ ಬಿಡುತ್ತಿರಲಿಲ್ಲ, ಸೀದಾ ಗಲ್ಲು. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ನಿನಗೆ ನೆನಪಿರಬೇಕು. ಮಕ್ಕಳ ಕಳ್ಳರು ಅನ್ನುವ ಸುಳ್ಳು ಸುದ್ದಿ. ಕಾರಿನಲ್ಲಿ ಹೊರಟವರಿಗಿಂತ ಮುಂಚೆ ವಾಟ್ಸಾಪ್ ಮೆಸೇಜು ಮುಂದಿನ ಊರು ಮುಟ್ಟಿತ್ತು, ಜನ ರಸ್ತೆಗೆ ಅಡ್ಡ ಹಾಕಿ ಕಾದಿದ್ದರು. ಒಬ್ಬ ಸತ್ತೇ ಹೋದ. ಕೊಂಬು ಊದುವವರು ಎಲ್ಲೂ ಹೋಗಿಲ್ಲ. ಓಡಿ ಬರುವವರು ಹೊಡೆಯುವುದಕ್ಕೆ ಇಷ್ಟು ಬೇಗ ಬರುತ್ತಾರೆ, ಎತ್ತುವುದಕ್ಕೆ ಯಾಕೆ ಬರಲ್ಲ ಅನ್ನುವುದೇ ನನ್ನ ತಲೆ ಕೊರೆಯುತ್ತಿರುವುದು.

ಆಮೇಲೆ ಲಂಡನ್ನಿನಲ್ಲಿ ಜಾನ್ ಫೀಲ್ಡಿಂಗ್ ಅನ್ನುವ ಮ್ಯಾಜಿಸ್ಟ್ರೇಟ್ ಬಂದ. ಕಣ್ಣಿಲ್ಲ. ಮೂರು ಸಾವಿರ ಕಳ್ಳರನ್ನು ದನಿಯ ಮೇಲೇ ಗುರುತು ಹಿಡಿಯುತ್ತಿದ್ದ ಅಂತ ಪ್ರತೀತಿ. ತಪ್ಪಿಸಿಕೊಂಡವರ ಚಹರೆಯನ್ನು ಅಚ್ಚು ಹಾಕಿಸಿ ಊರೂರಿಗೆ ಕಳಿಸುವುದನ್ನು 1772ರಲ್ಲಿ ಶುರು ಮಾಡಿದ. ಆ ಪತ್ರಿಕೆಗೆ ಮುಂದೆ ‘ಹ್ಯೂ ಅಂಡ್ ಕ್ರೈ’ ಅಂತಲೇ ಹೆಸರು ಬಂತು. ಕೂಗು ಹೋಗಿ ಕಾಗದ ಆಯಿತು. 1829ರಲ್ಲಿ ಲಂಡನ್ನಿಗೆ ಸಂಬಳದ ಪೊಲೀಸರು ಬಂದರು. ಅಲ್ಲಿಗೆ ಓಡಿ ಬರುವ ಕೆಲಸ ಊರಿನವರದ್ದಲ್ಲ ಎಂದಾಯಿತು.

ನನಗನ್ನಿಸುವುದು, ಮಾತಿನ ಅರ್ಥ ಜಾರಿದ್ದೂ ಇದರ ಜೊತೆಗೇ. ಈಗ ಆಫೀಸಿನಲ್ಲಿ ಯಾರಾದರೂ ‘ಅಷ್ಟಕ್ಕೆಲ್ಲ ಯಾಕೆ ಹ್ಯೂ ಅಂಡ್ ಕ್ರೈ’ ಅಂದರೆ ಬಾಯಿ ಮುಚ್ಚು ಅಂತ. ಮೊದಲು ಅದರಲ್ಲಿ ಎರಡು ಪಾಲಿತ್ತು, ಕೂಗುವವನು ಮತ್ತು ಬರುವವರು. ಬರುವವರು ಬಿಟ್ಟುಹೋದರು. ಒಬ್ಬನೇ ಉಳಿದು ಕೂಗಿದರೆ ಅದು ರಂಪ.

ಒಂದು ಕಡೆ ಮಾತ್ರ ಹಳೆ ಕೂಗಿಗೆ ಇನ್ನೂ ಬೆಲೆ ಇದೆ. ನಿನಗೆ ಹತ್ತಿರವೇ, ಹಡಗು ಹತ್ತಿದರೆ ಆಯಿತು. ಗರ್ನ್ಸಿ ಮತ್ತು ಜರ್ಸಿ ದ್ವೀಪಗಳು. ನಿನ್ನ ಜಾಗಕ್ಕೆ ಯಾರಾದರೂ ಕೈ ಹಾಕಿದರೆ ಸಾಕ್ಷಿಗಳ ಮುಂದೆ ಮಂಡಿಯೂರಿ ‘ಹಾರೋ! ಹಾರೋ! ಹಾರೋ!’ ಅಂತ ಕೂಗಿ, ದೊರೆಯೇ ಕಾಪಾಡು, ನನಗೆ ಅನ್ಯಾಯವಾಗುತ್ತಿದೆ ಅಂತ ಫ್ರೆಂಚಿನಲ್ಲಿ ಹೇಳಬೇಕು. ಆ ಕ್ಷಣಕ್ಕೆ ಎದುರಿನವನು ಕೆಲಸ ನಿಲ್ಲಿಸಲೇಬೇಕು, ಕೋರ್ಟು ತೀರ್ಮಾನ ಮಾಡುವ ತನಕ. ಗರ್ನ್ಸಿಯಲ್ಲಾದರೆ ಜೊತೆಗೆ ಪ್ರಾರ್ಥನೆಯನ್ನೂ ಹೇಳಬೇಕು. ಇಂಗ್ಲೆಂಡ್ ಗೆದ್ದ ವಿಲಿಯಂನನ್ನೇ 1087ರಲ್ಲಿ ಫ್ರಾನ್ಸಿನ ಕಾನ್ ಊರಿನಲ್ಲಿ ಹೂಳುವಾಗ ಆಸ್ಸೆಲಿನ್ ಎಂಬುವನು, ಇದು ನಮ್ಮಪ್ಪನಿಂದ ಕಿತ್ತುಕೊಂಡ ಜಾಗ ಅಂತ ಎದ್ದು ಕೂಗಿದನಂತೆ. ಅವನಿಗೆ ದುಡ್ಡು ಕೊಟ್ಟ ಮೇಲೆಯೇ ರಾಜನಿಗೆ ಮಣ್ಣು ಸಿಕ್ಕಿದ್ದು. ನಿಮ್ಮ ತೋಟದ ಗಡಿ ವ್ಯಾಜ್ಯಕ್ಕೆ ಈ ಅನುಕೂಲ ಇದ್ದಿದ್ದರೆ ನಿಮ್ಮಪ್ಪಯ್ಯ ಮಂಡಿ ಸವೆಸಿಕೊಳ್ಳುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಬೇಕಿತ್ತು.

ಪಾಟಿ ಸವಾಲು ಅಂತ ಇರುತ್ತದೆ, ಸಾಕ್ಷಿಯನ್ನು ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳುವುದು. ‘ಆ ಸಮಯದಲ್ಲಿ ನಾನು ಕೂಗಿಕೊಳ್ಳಲಿಲ್ಲ ಎಂದರೆ ಸರಿ.’ ಸಾಕ್ಷಿ ಹೇಳಿದ್ದನ್ನು ನಮ್ಮ ಕೋರ್ಟುಗಳಲ್ಲಿ ಹೀಗೆ ಬರೆದುಕೊಳ್ಳುತ್ತಾರೆ. ವಕೀಲರು ಅಲ್ಲಿಗೇ ಹಿಡಿಯುತ್ತಾರೆ. ಕೂಗಲಿಲ್ಲ ಅಂದರೆ ಏನೂ ನಡೆದೇ ಇಲ್ಲ ಅಂತ. ಇದೂ ಹಳೇ ಇಂಗ್ಲೆಂಡಿನದೇ. ಬಲಾತ್ಕಾರ ಆದ ಹೆಂಗಸು ಕೂಡಲೇ ಹತ್ತಿರದ ಊರಿಗೆ ಹೋಗಿ ಹೇಳಿ, ಗಾಯ ತೋರಿಸಬೇಕಿತ್ತು. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಮಥುರಾ ಎಂಬ ಹುಡುಗಿಯ ಮೇಲೆ ಪೊಲೀಸರೇ ಬಲಾತ್ಕಾರ ಮಾಡಿದರು ಅನ್ನುವ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಅವಳ ಮೈಮೇಲೆ ಗಾಯ ಇಲ್ಲ, ಕೂಗಿದಳು ಅನ್ನುವುದು ಕಟ್ಟುಕತೆ ಎಂದು ಆರೋಪಿಗಳನ್ನು ಬಿಟ್ಟಿತು. ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಅದರ ವಿರುದ್ಧ ಬಹಿರಂಗ ಪತ್ರ ಬರೆದರು, ದೇಶವೆಲ್ಲ ಹುಯಿಲೆದ್ದಿತು, 1983ರಲ್ಲಿ ಕಾನೂನೇ ಬದಲಾಯಿತು. ಆದರೂ ‘ಯಾಕೆ ಕೂಗಲಿಲ್ಲ’ ಅನ್ನುವ ಪ್ರಶ್ನೆ ನನ್ನ ಕಾಗದಗಳಲ್ಲಿ ಇನ್ನೂ ಬರುತ್ತಲೇ ಇದೆ. ನಾನು ಅದನ್ನು ಇಂಗ್ಲಿಷ್ ಮಾಡಿ, ಪುಟ ಎಣಿಸಿ, ಬಿಲ್ ಕಳಿಸುತ್ತೇನೆ.

ಅವರ ಸಂಕಟದ ಪಕ್ಕ ನನ್ನದನ್ನು ಇಡುತ್ತಿಲ್ಲ, ಇಡಲೂಬಾರದು. ಆದರೆ ಹೋದ ಡಿಸೆಂಬರಿನಲ್ಲಿ ಒಂದು ರಾತ್ರಿ ನನಗೆ ಕಿಡ್ನಿ ಸ್ಟೋನ್ ನೋವು ಎದ್ದಿತು. ನಿನಗೆ ಹೇಳಿಲ್ಲ. ರಾತ್ರಿ ಎರಡು ಗಂಟೆಯ ಸಮಯ. ಬಾತ್‌ರೂಮಿನ ನೆಲದ ಮೇಲೆ ಬಿದ್ದು ಬಾಯಿಗೆ ಟವಲ್ ತುರುಕಿಕೊಂಡೆ. ಗೋಡೆಯಾಚೆ ಮಗು ಮಲಗಿದೆ, ಪಾಪ, ಎಚ್ಚರ ಆಗಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಆ ಮಗುವಿನ ಮೇಲೆ ನನಗೆ ಅಂಥ ಪ್ರೀತಿ ಏನಿಲ್ಲ, ಹಗಲೆಲ್ಲ ಅದು ಗೋಡೆಗೆ ಚೆಂಡು ಹೊಡೆಯುತ್ತದೆ. ನಿಜ ಏನೆಂದರೆ, ಕೂಗಿ, ಯಾರೂ ಬಾರದೆ ಹೋದರೆ? ಅದನ್ನು ತಿಳಿದುಕೊಳ್ಳುವುದಕ್ಕಿಂತ ನೋವೇ ವಾಸಿ ಅನ್ನಿಸಿತು. ಕೂಗದೆ ಇದ್ದರೆ, ಕೂಗಿದ್ದರೆ ಬರುತ್ತಿದ್ದರು ಅಂತ ಅಂದುಕೊಂಡಾದರೂ ಇರಬಹುದಲ್ಲ. ಪಕ್ಕದ ಮನೆಯವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. 304 ಅಂತ ಗೊತ್ತು.

ನಮ್ಮಜ್ಜಿ ಅಂಗಳದ ತುದಿಗೆ ನಿಂತು ಒಂದು ಕೂ ಹಾಕಿದರೆ ತೋಟದಾಚೆ ನಿಮ್ಮ ಮನೆಯಿಂದ ಮರುಕೂ ಬರುತ್ತಿತ್ತು. ಅರ್ಧ ಸಲ ವಿಷಯವೇ ಇರುತ್ತಿರಲಿಲ್ಲ. ಕೇಳಿಸಿತು, ಇದ್ದೇವೆ ಅನ್ನುವುದೇ ವಿಷಯ.

ಆ ರಾತ್ರಿ ನಿನಗೆ ಬಂದ ಮಿಸ್ಡ್ ಕಾಲ್ ನನ್ನದೇ. ಲೆಕ್ಕ ಹಾಕಿದ್ದೆ, ನಿನಗೆ ಆಗ ರಾತ್ರಿ ಎಂಟೂವರೆ, ನನಗೆ ಗೊತ್ತಿದ್ದವರಲ್ಲಿ ಎಚ್ಚರ ಇದ್ದವನು ನೀನೊಬ್ಬನೇ. ಒಂದು ರಿಂಗ್ ಆಯಿತು. ಅಲ್ಲಿಂದ ನೀನು ಏನು ಮಾಡಬಲ್ಲೆ ಅನ್ನಿಸಿ ಕಟ್ ಮಾಡಿದೆ. ಮಾರನೇ ದಿನ ನೀನು ಕೇಳಿದಾಗ ಜೇಬಿನಲ್ಲಿ ಒತ್ತಿಹೋಯ್ತು ಅಂದೆ. ರಾತ್ರಿ ಎರಡು ಗಂಟೆಗೆ ಪಂಚೆಗೆ ಜೇಬು ಎಲ್ಲಿಂದ ಬಂತು ಅಂತ ನೀನು ಕೇಳಲಿಲ್ಲ. ಕೇಳುತ್ತೀಯೇನೋ ಅಂತ ಕಾದಿದ್ದೆ ಕಣೋ. ಈಗ ನೋಡು, ಫೋನ್ ಮಾಡಲಾರದವನು ಊರಿಗೆಲ್ಲ ಕಾಣುವ ಹಾಗೆ ಪತ್ರ ಬರೆಯುತ್ತಿದ್ದೇನೆ.

ಸರಿ, ಸಾಕು. ಹ್ಯೂ ಅಂಡ್ ಕ್ರೈ ಬಗ್ಗೆ ಎರಡು ಪ್ಯಾರಾ ಬರೆದು ಓದಿಕೊಂಡವನು ಅನ್ನಿಸಿಕೊಳ್ಳೋಣ ಅಂತ ಕೂತಿದ್ದೆ, ಎಲ್ಲಿಗೋ ಹೋಯಿತು. ಓದಿ ಗಾಬರಿಯಾಗುವವರಿಗೆ: ಕಲ್ಲು ಹೋಗಿದೆ, ಗಂಡಸು ಗಟ್ಟಿ ಇದ್ದಾನೆ. ಆದರೆ ಅಮ್ಮನಿಗೆ ವಿಷಯ ಗೊತ್ತಾಗಿಬಿಟ್ಟಿದೆ. ಅವತ್ತಿನಿಂದ ವಾರಕ್ಕೊಂದು ಸಲ ರಾತ್ರಿ ಬಸ್ಸಿಗೆ ಬಾಳೆದಿಂಡು ಹಾಕಿ ಕಳಿಸುತ್ತಿದ್ದಾಳೆ. ಪಲ್ಯ, ಕೋಸಂಬರಿ, ಮಜ್ಜಿಗೆಹುಳಿ ಎಲ್ಲ ಆಯಿತು. ಫ್ರಿಡ್ಜಿನ ಬಾಗಿಲು ಹಾಕಲಾಗುತ್ತಿಲ್ಲ. ಕಾಲುಭಾಗ 304ಕ್ಕೆ ಕೊಡೋಣ ಅಂತ ಇದ್ದೇನೆ, ದಿಂಡು ಹೆಚ್ಚುವುದು ಅವರಿಗೆ ಬರುತ್ತದೋ ಇಲ್ಲವೋ.

ಇಂತಿ ನಿನ್ನ,
(ನೀನೇ ಇಟ್ಟ ಅಡ್ಡಹೆಸರಿನ) ಡೆಪ್ಯುಟಿ ತಹಸೀಲ್ದಾರ್