ರೋಬೋಟ್ ಕೈಕೊಟ್ಟಾಗ ಮಕ್ಕಳಿಗೆ ಹತ್ತು ನಿಮಿಷ ಕೊಡಿ

ಮಾನ್ಯ ಸಂಪಾದಕರೇ,

ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ನಾನು, ಕೆಲವು ವರ್ಷಗಳಿಂದ ಸುತ್ತಮುತ್ತಲಿನ ಕಾಲೇಜು, ಪ್ರೌಢಶಾಲೆಗಳ ರೋಬೋಟ್ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗುತ್ತಿದ್ದೇನೆ. ಶಾಲೆಗಳಲ್ಲಿ ಮಕ್ಕಳು ತಾವೇ ಯಂತ್ರ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದ ಮೇಲೆ ಆರನೆಯ ತರಗತಿಯ ಮಕ್ಕಳೂ ಆರ್ಡುಯಿನೋ ಎಂಬ, ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡ್ ಹಿಡಿದು ಬರುತ್ತಿರುವುದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಈ ಸ್ಪರ್ಧೆಗಳಲ್ಲಿ ತಪ್ಪದೆ ಕಾಣುವ ಒಂದು ದೃಶ್ಯದ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಆಯೋಜಕರ ಗಮನ ಸೆಳೆಯಬೇಕೆನಿಸಿದೆ. ಅಭ್ಯಾಸದಲ್ಲಿ ಮೊಬೈಲಿನಿಂದ ಹೇಳಿದಂತೆ ಕೇಳುತ್ತಿದ್ದ ರೋಬೋಟ್ ಕಣಕ್ಕಿಳಿದ ಅರ್ಧ ನಿಮಿಷದಲ್ಲಿ ಹತೋಟಿ ತಪ್ಪುತ್ತದೆ. ಒಂದೋ ನಿಂತಲ್ಲೇ ನಿಲ್ಲುತ್ತದೆ, ಇಲ್ಲವೇ ಯಾರ ಮಾತಿಗೂ ಕಿವಿಗೊಡದೆ ನೇರವಾಗಿ ಹೋಗಿ ಅಂಚಿನ ಹಲಗೆಗೆ ಗುದ್ದುತ್ತದೆ. "ಬ್ಲೂಟೂತ್ ಕಟ್ ಆಯಿತು" ಎಂದು ಮಕ್ಕಳು ಹೇಳುತ್ತಾರೆ, "ಸಮಯ ಮುಗಿಯಿತು, ಮುಂದಿನ ತಂಡ ಬರಲಿ" ಎಂದು ನಾವು ಹೇಳುತ್ತೇವೆ, ಅಲ್ಲಿಗೆ ತಿಂಗಳುಗಟ್ಟಲೆ ಪಟ್ಟ ಶ್ರಮ ಮುಗಿಯುತ್ತದೆ. ಏನಾಯಿತೆಂಬುದು ಮಕ್ಕಳಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

ಕಳೆದ ವರ್ಷದ ಒಂದು ಸ್ಪರ್ಧೆಯಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹೆಣ್ಣುಮಕ್ಕಳ ರೋಬೋಟ್ ಇಳಿಜಾರಿನ ಹಲಗೆಯನ್ನು ಹತ್ತುವಾಗ ಹೀಗೆಯೇ ನಿಂತುಹೋಯಿತು. ಅವರನ್ನು ಹೊರಗಿಟ್ಟ ತೀರ್ಪಿಗೆ ನಾನೂ ಸಹಿ ಹಾಕಿದೆ. ಮನಸ್ಸು ತಡೆಯದೆ ಊಟದ ವಿರಾಮದಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಅವರ ಜೊತೆ ಸಭಾಂಗಣದ ಹಿಂದಿನ ಜಗುಲಿಯಲ್ಲಿ ಕುಳಿತೆ. ಮೊದಲು ರೋಬೋಟನ್ನು ಒಂದು ಪುಸ್ತಕದ ಮೇಲೆ ಎತ್ತಿಟ್ಟು, ಚಕ್ರಗಳು ನೆಲಕ್ಕೆ ತಾಗದಂತೆ ಮಾಡಿ ಓಡಿಸಿದೆವು. ಐದು ನಿಮಿಷವಾದರೂ ಒಮ್ಮೆಯೂ ಸಂಪರ್ಕ ತಪ್ಪಲಿಲ್ಲ. ಆಮೇಲೆ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿದು, ಚಕ್ರವನ್ನು ಕೈಯಿಂದ ಬಿಗಿಯಾಗಿ ತಡೆಯಲು ಹೇಳಿದೆ. ಎಂಟೂವರೆ ವೋಲ್ಟ್ ತೋರಿಸುತ್ತಿದ್ದ ಮೀಟರ್ ಒಮ್ಮೆಲೇ ನಾಲ್ಕರ ಆಸುಪಾಸಿಗೆ ಇಳಿಯಿತು. ಬೋರ್ಡಿನ ದೀಪಗಳೆಲ್ಲ ಆರಿ ಮತ್ತೆ ಹೊತ್ತಿದವು. ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲಿನ ದೀಪ, ಎರಡು ಸೆಕೆಂಡಿಗೊಮ್ಮೆ ಸಮಾಧಾನದಿಂದ ಮಿಟುಕುತ್ತಿದ್ದದ್ದು, ಸಂಪರ್ಕ ತಪ್ಪಿದ ಗುರುತಾಗಿ ಪಟಪಟನೆ ಮಿಟುಕಲು ಶುರುವಾಯಿತು. ಇಬ್ಬರಲ್ಲಿ ಚಿಕ್ಕವಳು ತಟ್ಟನೆ, "ಸರ್, ಬ್ಲೂಟೂತ್ ಹೋಗಿದ್ದಲ್ಲ, ಬೋರ್ಡೇ ಆಫ್ ಆಗಿ ಆನ್ ಆಗ್ತಿದೆ" ಎಂದಳು. ಆ ಮಗು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಹೊಗೆ ಪತ್ತೆ ಮಾಡುವ ಉಪಕರಣದಂಥ, ತೀರಾ ಕಡಿಮೆ ಕರೆಂಟ್ ಸಾಕಾಗುವ ಸಲಕರಣೆಗಳಿಗೆ ಒಗ್ಗುವ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಯನ್ನು ಅಂಗಡಿಯವರು ಇವರಿಗೂ ಕೊಟ್ಟಿದ್ದರು. ಚಕ್ರ ತಿರುಗಿಸುವ, ಬಿಒ ಎಂದು ಕರೆಯುವ ಹಳದಿ ಬಣ್ಣದ ಸಣ್ಣ ಮೋಟಾರುಗಳು ಸಮನೆಲದ ಮೇಲೆ ಸುಮ್ಮನೆ ತಿರುಗುವಾಗ ಎಳೆಯುವ ಕರೆಂಟ್ ಒಂದಾದರೆ, ಏರು ಸಿಕ್ಕಿ ಚಕ್ರ ತಡೆದಾಗ ಎಳೆಯುವುದು ಅದರ ಹಲವು ಪಟ್ಟು. ಅಷ್ಟನ್ನು ಕೊಡುವ ತ್ರಾಣ ಆ ಬ್ಯಾಟರಿಗಿಲ್ಲ. ವೋಲ್ಟೇಜ್ ಕುಸಿಯುತ್ತದೆ, ಆರ್ಡುಯಿನೋ ಯುನೋದ ಚಿಪ್ ತನಗೆ ಸಿಗುವ ವಿದ್ಯುತ್ 2.7 ವೋಲ್ಟಿಗಿಂತ ಕೆಳಗಿಳಿದೊಡನೆ ತಾನಾಗಿಯೇ ಕೆಲಸ ನಿಲ್ಲಿಸಿ, ವಿದ್ಯುತ್ ಬಂದ ಮೇಲೆ ಮೊದಲಿನಿಂದ ಆರಂಭಿಸುತ್ತದೆ. ಬ್ಲೂಟೂತ್ ಮಾಡ್ಯೂಲಿಗೂ ಅದೇ ಬೋರ್ಡಿನಿಂದ ವಿದ್ಯುತ್ ಹೋಗುವುದರಿಂದ ಅದರ ಸಂಪರ್ಕವೂ ಕಡಿದುಬೀಳುತ್ತದೆ, ಮತ್ತು ಮೊಬೈಲಿನ ತೆರೆಯ ಮೇಲೆ ಮಕ್ಕಳಿಗೆ ಕಾಣುವುದು "ಡಿಸ್ಕನೆಕ್ಟೆಡ್" ಎಂಬ ಒಂದೇ ಪದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಬ್ಯಾಟರಿಯ ತಪ್ಪಿಗೆ ನಾವೆಲ್ಲ ಬ್ಲೂಟೂತನ್ನು ದೂರುತ್ತೇವೆ. ಮಕ್ಕಳು ಇನ್ನೊಂದು ಮಾಡ್ಯೂಲ್ ಕೊಳ್ಳುತ್ತಾರೆ, ಮುಂದಿನ ಸ್ಪರ್ಧೆಯಲ್ಲಿ ಅದೇ ಏರಿನ ಮೇಲೆ ಮತ್ತೆ ನಿಲ್ಲುತ್ತಾರೆ.

ಹಾಗೆಂದು ರೇಡಿಯೋ ಸಂಪರ್ಕದ ತೊಂದರೆ ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬ್ಲೂಟೂತ್, ಸಾಕಷ್ಟು ವೈ-ಫೈ, ರೋಬೋಟ್ ಓಡಿಸುವ ಬಹುಪಾಲು ರೇಡಿಯೋ ರಿಮೋಟ್‌ಗಳು ಎಲ್ಲವೂ 2.4 ಗಿಗಾಹರ್ಟ್ಸ್ ಎಂಬ ಒಂದೇ ಓಣಿಯಲ್ಲಿ ಓಡಾಡುತ್ತವೆ. ಬ್ಲೂಟೂತ್ ಆ ಓಣಿಯೊಳಗೆ ಸೆಕೆಂಡಿಗೆ 1600 ಬಾರಿ ಜಾಗ ಬದಲಿಸುತ್ತ ಹೇಗೋ ನುಸುಳಿಕೊಂಡು ಹೋಗುತ್ತದಾದರೂ, ಮುನ್ನೂರು ಮೊಬೈಲುಗಳಿರುವ ಸಭಾಂಗಣದಲ್ಲಿ, ಆಂಟೆನಾದ ಮೇಲೆಯೇ ಬ್ಯಾಟರಿ ಅಂಟಿಸಿದ ತಗಡಿನ ಪೆಟ್ಟಿಗೆಯೊಳಗಿಂದ ಅದು ಎಷ್ಟೆಂದು ಕೇಳಿಸಿಕೊಂಡೀತು? ಅದಕ್ಕಿಂತ ಸರಳವಾದ ಎಡವಟ್ಟೂ ಉಂಟು. ಈ ಮಾಡ್ಯೂಲುಗಳೆಲ್ಲ ಸಾಮಾನ್ಯವಾಗಿ ಅಂಗಡಿಯಿಂದ ಬರುವಾಗ ಒಂದೇ ಹೆಸರು, 1234 ಎಂಬ ಒಂದೇ ಗುಪ್ತಸಂಖ್ಯೆ ಹೊತ್ತು ಬರುತ್ತವೆ. ಹತ್ತು ತಂಡಗಳು ಹೆಸರು ಬದಲಿಸದೆ ಬಂದರೆ ಮೊಬೈಲಿನಲ್ಲಿ ಹತ್ತು "ಎಚ್‌ಸಿ-05"ಗಳು ಕಾಣುತ್ತವೆ. ಮೊದಲು ಯಾರು ಮುಟ್ಟಿದರೋ ರೋಬೋಟ್ ಅವರದು. ಒಂದು ತಂಡದ ಹುಡುಗ ಗೊತ್ತಿಲ್ಲದೆ ಪಕ್ಕದ ಮೇಜಿನ ರೋಬೋಟನ್ನು ಓಡಿಸಿದ್ದನ್ನು, ಅದಕ್ಕಾಗಿ ಎರಡು ತಂಡಗಳು ಕೈಕೈ ಮಿಲಾಯಿಸುವ ಹಂತಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ.

ನಾನು ಹೇಳಬಯಸುವುದಿಷ್ಟೆ: ಹತೋಟಿ ತಪ್ಪಿದಾಗ ತಪ್ಪಿದ್ದು ವಿದ್ಯುತ್ತೋ ಸಂಪರ್ಕವೋ ಎಂಬ ಮೊದಲ ಪ್ರಶ್ನೆಯನ್ನು ಕೇಳಿ ಉತ್ತರ ಹುಡುಕಲು ಸ್ಪರ್ಧೆಯಲ್ಲೇ ವ್ಯವಸ್ಥೆ ಇರಬೇಕು. ಇದು ಹೊಸ ಬೇಡಿಕೆಯೇನಲ್ಲ. ಅಮೆರಿಕದ ಫಸ್ಟ್ ಸಂಸ್ಥೆ ನಡೆಸುವ ಪ್ರೌಢಶಾಲಾ ಮಕ್ಕಳ ಸ್ಪರ್ಧೆಯ ಅಂತಿಮ ಸುತ್ತು 2012ರ ಏಪ್ರಿಲ್‌ನಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ನಡೆದಾಗ, 'ಐನ್‌ಸ್ಟೈನ್' ಎಂಬ ಕಣದಲ್ಲಿ ಸಾವಿರಾರು ಜನರ ಎದುರಿಗೆ ರೋಬೋಟುಗಳು ಒಂದಾದ ಮೇಲೊಂದು ಸಂಪರ್ಕ ಕಳೆದುಕೊಂಡು ನಿಂತವು. ಸಂಸ್ಥೆ ಅದನ್ನು ಮಕ್ಕಳ ಹಣೆಬರಹವೆಂದು ಬಿಡಲಿಲ್ಲ. ಆ ಕಣದಲ್ಲಿ ಆಡಿದ 12 ತಂಡಗಳನ್ನು ಕರೆಸಿಕೊಂಡು ತನಿಖೆ ನಡೆಸಿ, ಜುಲೈನಲ್ಲಿ ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿತು. ಹೊರಗಿನ ಮೊಬೈಲೊಂದು ತಪ್ಪು ಗುಪ್ತಪದದೊಡನೆ ರೋಬೋಟಿನ ವೈ-ಫೈಗೆ ಸೇರಲು ಯತ್ನಿಸಿದರೆ ಇದ್ದ ಸಂಪರ್ಕವೇ ಕಡಿದುಹೋಗುವ ದೋಷ ಆ ತನಿಖೆಯಲ್ಲಿ ಬಯಲಾಯಿತು. ಅದರ ಜೊತೆಗೆ ಕೆಲವು ರೋಬೋಟುಗಳ ಒಳಗಿನ ದೋಷಗಳೂ ಹೊರಬಿದ್ದವು. ಎರಡೂ ಕಡೆಯ ತಪ್ಪನ್ನು ಮುಚ್ಚಿಡದೆ ಬರೆದದ್ದೇ ಆ ವರದಿಯ ಹಿರಿಮೆ ಎಂದು ನಾನು ಭಾವಿಸುತ್ತೇನೆ. ಇಂದು ಆ ಸ್ಪರ್ಧೆಯಲ್ಲಿ ಚಾಲಕರ ಕಂಪ್ಯೂಟರ್ ಪ್ರತಿ ಪಂದ್ಯದ ಬ್ಯಾಟರಿ ವೋಲ್ಟೇಜ್ ಎಷ್ಟಿತ್ತು, ಸಂದೇಶಗಳು ಎಷ್ಟು ಕಳೆದುಹೋದವು ಎಂಬುದನ್ನು ದಾಖಲಿಸಿಡುತ್ತದೆ, ಕಣದ ಬದಿಯಲ್ಲಿ ಆ ದಾಖಲೆ ಓದಿ ಹೇಳಬಲ್ಲ ಸ್ವಯಂಸೇವಕರಿರುತ್ತಾರೆ.

ಅಷ್ಟು ದುಬಾರಿ ಸಲಕರಣೆ ನಮ್ಮ ಮಕ್ಕಳ ಬಳಿ ಇಲ್ಲ, ಬೇಕಾಗಿಯೂ ಇಲ್ಲ. ಪ್ರೋಗ್ರಾಮಿನ ಆರಂಭದಲ್ಲಿ ಬೋರ್ಡಿನ ಮೇಲೇ ಇರುವ 13ನೇ ಪಿನ್ನಿನ ದೀಪ ಮೂರು ಸಲ ಮಿನುಗುವಂತೆ ಬರೆದರೆ, ಪಂದ್ಯದ ನಡುವೆ ದೀಪ ಮೂರು ಸಲ ಮಿನುಗಿದ ಕ್ಷಣವೇ ಬೋರ್ಡ್ ಹೊಸದಾಗಿ ಆರಂಭವಾಗಿದೆ, ತೊಂದರೆ ಇರುವುದು ವಿದ್ಯುತ್ತಿನಲ್ಲಿ ಎಂದು ದೂರದಿಂದಲೇ ಗೊತ್ತಾಗುತ್ತದೆ. ದೀಪ ಸುಮ್ಮನಿದ್ದು ರೋಬೋಟ್ ಮಾತು ಕೇಳದಿದ್ದರೆ ಆಗ ಸಂಪರ್ಕವನ್ನೋ, ಸಡಿಲವಾದ ಜಂಪರ್ ವೈರನ್ನೋ, ಮಧ್ಯದಲ್ಲಿ ಕರೆ ಬಂದು ಆ್ಯಪ್ ಮರೆಯಾದ ಮೊಬೈಲನ್ನೋ ನೋಡಬಹುದು. ಮಕ್ಕಳಿಗೆ ಇದನ್ನು ಕಲಿಸಲು ಅರ್ಧ ಗಂಟೆ ಸಾಕು.

ಇನ್ನೊಂದು ವಿಷಯ ಸುರಕ್ಷತೆಯದು, ಇದರಲ್ಲಿ ರಿಯಾಯಿತಿಗೆ ಅವಕಾಶವಿರಬಾರದು. ಅನೇಕ ಮಕ್ಕಳು ಬರೆಯುವ ಪ್ರೋಗ್ರಾಮಿನಲ್ಲಿ "ಮುಂದೆ" ಎಂಬ ಆಜ್ಞೆ ಒಮ್ಮೆ ಬಂದರೆ "ನಿಲ್ಲು" ಎಂಬ ಆಜ್ಞೆ ಬರುವವರೆಗೆ ಮೋಟಾರು ತಿರುಗುತ್ತಲೇ ಇರುತ್ತದೆ. ನಡುವೆ ಸಂಪರ್ಕ ಕಡಿದರೆ ನಿಲ್ಲಿಸುವವರು ಯಾರೂ ಇಲ್ಲ. ಅಂಗೈಯಷ್ಟಿನ ರೋಬೋಟ್ ಕಾಲಿಗೆ ತಗುಲಿದರೆ ನಕ್ಕು ಸುಮ್ಮನಾಗಬಹುದು. ರೋಬೋಟುಗಳು ಪರಸ್ಪರ ಕಾದಾಡುವ ರೋಬೋ ವಾರ್ ಕಣದಲ್ಲಿ ತಿರುಗುವ ಉಕ್ಕಿನ ಆಯುಧ ಹೊತ್ತ ಹದಿನೈದು ಕಿಲೋ ಭಾರದ ಯಂತ್ರ ಹೀಗೆ ನುಗ್ಗಿದರೆ ಗತಿಯೇನು? ಅರ್ಧ ಸೆಕೆಂಡ್ ಯಾವ ಆಜ್ಞೆಯೂ ಬಾರದಿದ್ದರೆ ಮೋಟಾರುಗಳು ತಾವಾಗಿ ನಿಲ್ಲುವಂತೆ ಬರೆಯುವುದು ನಾಲ್ಕು ಸಾಲಿನ ಕೆಲಸ. ಕಣಕ್ಕಿಳಿಯುವ ಮೊದಲು ಪ್ರತಿ ತಂಡವೂ ರೋಬೋಟನ್ನು ಓಡಿಸುತ್ತಲೇ ರಿಮೋಟ್ ಆರಿಸಿ, ಅದು ನಿಲ್ಲುವುದನ್ನು ತೀರ್ಪುಗಾರರಿಗೆ ತೋರಿಸಬೇಕು. ನಿಲ್ಲದ ರೋಬೋಟಿಗೆ ಪ್ರವೇಶ ಕೊಡಕೂಡದು.

ಆದ್ದರಿಂದ ಬರುವ ಉತ್ಸವಗಳ ಆಯೋಜಕರಲ್ಲಿ ನನ್ನ ವಿನಂತಿ: ನಿಯಮಾವಳಿಯಲ್ಲಿ ಈ ಪರೀಕ್ಷೆಯನ್ನು ಸೇರಿಸಿ. ತಂಡಗಳು ಬ್ಲೂಟೂತ್ ಹೆಸರು ಮತ್ತು ಗುಪ್ತಸಂಖ್ಯೆ ಬದಲಿಸಿಕೊಂಡೇ ಬರಬೇಕೆಂದು ತಿಳಿಸಿ. ಕಣದ ಪಕ್ಕದಲ್ಲಿ ಒಂದು ಮೇಜು, ಒಂದು ಮಲ್ಟಿಮೀಟರ್, ಚಾರ್ಜಾದ ಒಂದು ಒಳ್ಳೆಯ ಬ್ಯಾಟರಿ ಮತ್ತು ವಿಷಯ ಬಲ್ಲ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಕೂರಿಸಿ. ಹತೋಟಿ ತಪ್ಪಿದ ತಂಡಕ್ಕೆ ಅಲ್ಲಿ ಹತ್ತು ನಿಮಿಷ ಕೊಡಿ. ದೋಷ ಕಣದ ಕಡೆಯದೆಂದು ಕಂಡರೆ ಪಂದ್ಯವನ್ನು ಮತ್ತೆ ಆಡಿಸಿ, ರೋಬೋಟಿನದೇ ಆಗಿದ್ದರೆ ಅಂಕ ಕಳೆಯಿರಿ, ಆದರೆ ಕಾರಣ ತಿಳಿಸಿ ಕಳಿಸಿ.

ಜಗುಲಿಯ ಮೇಲೆ ಕುಳಿತಿದ್ದ ಆ ಇಬ್ಬರು ಹುಡುಗಿಯರು ಮಧ್ಯಾಹ್ನ ಬೇರೊಂದು ತಂಡದಿಂದ ಎರಡು ಲಿಥಿಯಂ ಸೆಲ್‌ಗಳನ್ನು ಎರವಲು ಪಡೆದು ಜೋಡಿಸಿಕೊಂಡರು. ಸ್ಪರ್ಧೆ ಮುಗಿದು ಕುರ್ಚಿಗಳನ್ನು ಎತ್ತಿಡುತ್ತಿದ್ದಾಗ, ಖಾಲಿ ಕಣದಲ್ಲಿ ಅವರ ರೋಬೋಟ್ ಏರನ್ನು ಹತ್ತಿ ಆಚೆಗಿಳಿಯಿತು. ಅಂಕಪಟ್ಟಿಯಲ್ಲಿ ಬರೆಯಲು ಆಗ ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಎಲೆಕ್ಟ್ರಾನಿಕ್ಸ್ ಉಪನ್ಯಾಸಕ, ಹಾಸನ